ಹಾಯಿದೋಣಿಯಲ್ಲಿ ಗೋವಾಕ್ಕೆ ಬರುವ ವಿದೇಶಿ ಗೆಳೆಯರಿಗೆ ಏನೇನು ಕಾಗದ ಬೇಕು?

ಬೆಳಗಾವಿಯವರಿಗೆ ಸಮುದ್ರ ಅಂದರೆ ಗೋವಾ. ಚೋರ್ಲಾ ಘಾಟ್ ಇಳಿದರೆ ಕೆಲವೇ ತಾಸಿನ ದಾರಿ. ಟಿಳಕವಾಡಿಯ ಎಷ್ಟೋ ಮನೆಗಳ ಮಕ್ಕಳು ಹೊರದೇಶದಲ್ಲಿದ್ದಾರೆ. ಅವರ ಗೆಳೆಯರಲ್ಲಿ ಯಾರಾದರೂ ಸ್ವಂತ ಹಾಯಿದೋಣಿಯಲ್ಲಿ ಲೋಕ ಸುತ್ತುತ್ತಾ, ‘ಗೋವಾದಲ್ಲಿ ದೋಣಿ ನಿಲ್ಲಿಸಿ ನಿಮ್ಮೂರಿಗೆ ಬರ್ತೀವಿ’ ಅಂದರೆ ಸುಮ್ನೆ ‘ಬನ್ನಿ’ ಅನ್ನಬೇಡಿ. ಕೆಳಗಿನ ವಿಷಯಗಳನ್ನು ಮೊದಲು ತಿಳಿಸಿ.

ಶುರು ಮಾಡಬೇಕಾದ್ದು ವೀಸಾದಿಂದ. ಸಮುದ್ರದಿಂದ ಬರುವವರಿಗೂ ಇ-ವೀಸಾ ನಡೆಯುತ್ತದೆ, ಆದರೆ ಎಲ್ಲ ಬಂದರಿನಲ್ಲಲ್ಲ. ಗೋವಾದ ಮುರ್ಮುಗಾಂವ್, ಮಂಗಳೂರು, ಕೊಚ್ಚಿ, ಮುಂಬೈ, ಚೆನ್ನೈ ಪಟ್ಟಿಯಲ್ಲಿವೆ. ಹಡಗಿನ ಸಿಬ್ಬಂದಿಗೆ ಕೊಡುವ ಶೋರ್ ಪಾಸ್ ನಂಬಿಕೊಂಡು ಬರಬಾರದು. ಅದು ಬಂದರಿನ ಊರಲ್ಲಿ ಓಡಾಡುವುದಕ್ಕಷ್ಟೇ. ಬೆಳಗಾವಿಗೆ ಬರಬೇಕಾದರೆ ವೀಸಾ ಇರಬೇಕು, ಪಾಸ್‌ಪೋರ್ಟಿನ ಮೇಲೆ ಇಮಿಗ್ರೇಷನ್ ಠಸ್ಸೆ ಬಿದ್ದಿರಬೇಕು.

ಆಮೇಲೆ ಏಜೆಂಟ್, ಅಂದರೆ ದೋಣಿಯವರ ಪರವಾಗಿ ಬಂದರಿನ ಕಚೇರಿಗಳಲ್ಲಿ ಕಾಗದಪತ್ರ ಮಾಡಿಸಿಕೊಡುವವರು. ಖರ್ಚು ಜಾಸ್ತಿ ಅನ್ನಿಸಬಹುದು. ಆದರೂ ಮೊದಲ ಸಲ ಬರುವವರು ಈ ದುಡ್ಡು ಉಳಿಸಲು ಹೋಗಬಾರದು ಅನ್ನುವುದು ನನ್ನ ಅಭಿಪ್ರಾಯ. ದರ ಮಾತ್ರ ಮುಂಚೆಯೇ ಬರಹದಲ್ಲಿ ತರಿಸಿಕೊಳ್ಳಲಿ.

ಈಗ ಎಲ್ಲಕ್ಕಿಂತ ದೊಡ್ಡ ಕಿರಿಕಿರಿ: ಸ್ಯಾಟಲೈಟ್ ಫೋನ್. ನಡುಸಮುದ್ರದಲ್ಲಿ ಅದೇ ಜೀವರಕ್ಷಕ. ನಮ್ಮಲ್ಲಿ ಮಾತ್ರ ಥುರಾಯಾ, ಇರಿಡಿಯಂ ಫೋನುಗಳನ್ನು ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಬಳಸುವಂತಿಲ್ಲ. ಸ್ಯಾಟಲೈಟ್ ಮೂಲಕ ಸಂದೇಶ ಕಳಿಸುವ, ಅಂಗೈಯಲ್ಲಿ ಹಿಡಿಯುವ ಗಾರ್ಮಿನ್ ಇನ್‌ರೀಚ್‌ನಂಥ ಪುಟ್ಟ ಸಾಧನಕ್ಕೂ ಇದೇ ತಾಪತ್ರಯ. 2024ರ ಡಿಸೆಂಬರಿನಲ್ಲಿ ಗೋವಾ ವಿಮಾನ ನಿಲ್ದಾಣದಲ್ಲಿ ಅಂಥದ್ದೊಂದು ಇಟ್ಟುಕೊಂಡಿದ್ದ ವಿದೇಶಿ ಪ್ರವಾಸಿಯನ್ನು ತಡೆದಿದ್ದರು. ಹಾಗಾಗಿ ದೋಣಿಯಲ್ಲಿ ಏನೇನಿದೆ ಅಂತ ಏಜೆಂಟಿಗೆ ಮೊದಲೇ ಹೇಳಲಿ, ಕಸ್ಟಮ್ಸ್ ಪಟ್ಟಿಯಲ್ಲಿ ಬರೆಸಲಿ, ಆಫ್ ಮಾಡಿ ದೋಣಿಯಲ್ಲೇ ಬಿಡಲಿ. ಜೇಬಿನಲ್ಲಿ ಇಟ್ಟುಕೊಂಡು ದಡಕ್ಕೆ ಇಳಿಯುವುದಂತೂ ಬೇಡವೇ ಬೇಡ. ಡ್ರೋನ್ ಇದ್ದರೂ ಇಷ್ಟೇ ಎಚ್ಚರ ಬೇಕು. 2022ರಿಂದ ಹೊರಗಿನ ಡ್ರೋನ್ ತರುವುದಕ್ಕೆ ನಿಷೇಧವಿದೆ.

ಪಾಳೊಳೆಂ ಬೀಚ್ ಚೆಂದ ಕಾಣಿಸಿತು ಅಂತ ಅಲ್ಲೇ ಲಂಗರು ಹಾಕಬಾರದು. 1962ರ ಕಸ್ಟಮ್ಸ್ ಕಾಯ್ದೆ ಪ್ರಕಾರ ಹೊರದೇಶದಿಂದ ಬಂದ ನೌಕೆ ಮೊದಲು ನಿಲ್ಲಬೇಕಾದ್ದು ಕಸ್ಟಮ್ಸ್ ಬಂದರಿನಲ್ಲೇ. ಕಾರವಾರದ ಹತ್ತಿರವಂತೂ ಸುಳಿಯದಿರುವುದು ಒಳ್ಳೆಯದು, ಅಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ ಇದೆ.

ಮುರ್ಮುಗಾಂವ್ ಹತ್ತಿರ ಬಂದಾಗ ವಿಎಚ್‌ಎಫ್ ರೇಡಿಯೊದಲ್ಲಿ ಬಂದರಿನವರನ್ನು ಕರೆಯಬೇಕು. ಹಳದಿ ಬಾವುಟ ಏರಿಸಬೇಕು. ‘ದೋಣಿಯಲ್ಲಿ ಯಾರಿಗೂ ರೋಗವಿಲ್ಲ, ಒಳಗೆ ಬಿಡಿ’ ಅಂತ ಅದರ ಅರ್ಥ. ಆರೋಗ್ಯ, ಕಸ್ಟಮ್ಸ್, ಇಮಿಗ್ರೇಷನ್ ಮುಗಿಯುವವರೆಗೆ ಯಾರೂ ಇಳಿಯುವಂತಿಲ್ಲ. ಆಫ್ರಿಕಾ ಅಥವಾ ದಕ್ಷಿಣ ಅಮೆರಿಕದ ಹಳದಿ ಜ್ವರದ ದೇಶಗಳಿಂದ ಬಂದವರ ಹತ್ತಿರ ಲಸಿಕೆ ಪತ್ರ ಇರಲಿ.

ಕಾಗದಗಳ ಕಟ್ಟು ದಪ್ಪಗೇ ಇರಲಿ. ದೋಣಿಯ ನೋಂದಣಿ ಪತ್ರ, ಹಿಂದಿನ ಬಂದರಿನ ಕ್ಲಿಯರೆನ್ಸ್ (ಅಲ್ಲಿಂದ ಹೊರಡಲು ಕೊಟ್ಟ ಅನುಮತಿ ಪತ್ರ), ಸಿಬ್ಬಂದಿ ಪಟ್ಟಿ, ಸಾಮಾನಿನ ಪಟ್ಟಿ, ಎಲ್ಲದಕ್ಕೂ ನಾಲ್ಕಾರು ಝೆರಾಕ್ಸ್. ಎಷ್ಟು ಬಾಟಲಿ ಮದ್ಯ, ಎಷ್ಟು ಸಿಗರೇಟು, ಎಷ್ಟು ನಗದು ಅಂತ ಲೆಕ್ಕ ಕೊಡಬೇಕು. ಮದ್ಯದ ಕಪಾಟಿಗೆ ಸೀಲ್ ಬೀಳಬಹುದು. ದೋಣಿಯ ಹೆಸರಿನ ರಬ್ಬರ್ ಸ್ಟಾಂಪ್ ಇದ್ದರೆ ಕೆಲಸ ಸಲೀಸು. ಸಹಿಯ ಪಕ್ಕ ದುಂಡನೆಯ ಮುದ್ರೆ ಕಂಡರೆ ನಮ್ಮ ಕಚೇರಿಗಳಿಗೆ ಎಷ್ಟು ಸಮಾಧಾನ ಅಂತ ನಿಮಗೂ ಗೊತ್ತಲ್ವಾ? ಅವರ ಹತ್ತಿರ ಇಲ್ಲದಿದ್ದರೆ ಇಲ್ಲೇ ಒಂದು ಮಾಡಿಸಿಕೊಂಡು ಮುರ್ಮುಗಾಂವ್ ಬಂದರಿನ ಪಕ್ಕದ ಊರು ವಾಸ್ಕೋಗೆ ಹೋಗಿ.

ಗೋವಾದಿಂದ ಕೊಚ್ಚಿಗೆ ಹೋದರೆ ಇದೇ ಕಥೆ ಮತ್ತೆ ಮೊದಲಿಂದ. ಇಲ್ಲಿ ಕ್ಲಿಯರೆನ್ಸ್ ತಗೊಂಡು ಹೊರಡಬೇಕು, ಅಲ್ಲಿ ಮತ್ತೆ ಅರ್ಜಿ ತುಂಬಬೇಕು. ಒಂದೇ ದೇಶದೊಳಗೆ ಯಾಕಿಷ್ಟು ಅಂದರೆ, 2008ರ ನವೆಂಬರ್ 26ರಂದು ಮುಂಬೈ ಮೇಲೆ ದಾಳಿ ಮಾಡಿದವರು ಬಂದದ್ದು ಸಮುದ್ರದಿಂದಲೇ, ನಮ್ಮದೇ ಮೀನುಗಾರಿಕೆ ದೋಣಿ ‘ಕುಬೇರ್’ ಅನ್ನು ಅಪಹರಿಸಿ. ತಪಾಸಣೆ ಬೇಕು, ಒಪ್ಪೋಣ. ಅದೇ ಹೆಸರು, ಅದೇ ಪಾಸ್‌ಪೋರ್ಟ್ ನಂಬರನ್ನು ಕಚೇರಿಯಿಂದ ಕಚೇರಿಗೆ ಮತ್ತೆ ಮತ್ತೆ ಕೈಯಲ್ಲಿ ಬರೆಸಿದರೆ ಭದ್ರತೆ ಹೆಚ್ಚುತ್ತದೆ ಅಂತ ನನಗನ್ನಿಸುವುದಿಲ್ಲ.

ಅತಿಥಿಗಳು ಮನೆಗೆ ಬಂದ ಮೇಲೆ ನಿಮಗೂ ಒಂದು ಕೆಲಸವಿದೆ. ವಿದೇಶಿಯರು ಉಳಿದುಕೊಂಡರೆ 24 ತಾಸಿನೊಳಗೆ ಆನ್‌ಲೈನಿನಲ್ಲಿ ಮಾಹಿತಿ ಕೊಡಬೇಕು. ಜನ ಇದನ್ನು ‘ಸಿ ಫಾರ್ಮ್’ ಅಂತಲೇ ಕರೆಯುತ್ತಾರೆ. ಹೋಟೆಲಾದರೆ ಅವರೇ ತುಂಬುತ್ತಾರೆ, ಮನೆಯಾದರೆ ನೀವು. ಇನ್ನು ಹೊರಡುವಾಗ ಮುರ್ಮುಗಾಂವಿನ ಕ್ಲಿಯರೆನ್ಸ್ ಪತ್ರ ಮರೆಯದಿರಲಿ. ಮುಂದಿನ ದೇಶದ ಬಂದರಿನಲ್ಲಿ ಮೊದಲು ಕೇಳುವುದೇ ಅದನ್ನು. ಜೂನ್‌ನಲ್ಲಿ ಮಳೆಗಾಲ ಹಿಡಿಯುವುದರೊಳಗೆ ಹೊರಟರೆ ಒಳ್ಳೆಯದು.