ಟೇಲೋಸ್‌ನ ಹಿಮ್ಮಡಿಯ ಮುಚ್ಚಳ

ಅಮೆರಿಕದ ಅನಿಮೇಷನ್ ಕಲಾವಿದ ರೇ ಹ್ಯಾರಿಹೌಸನ್ ಸಿನಿಮಾಗಳಿಗಾಗಿ ಫ್ರೇಮು ಫ್ರೇಮಿಗೂ ಕೈಯಿಂದ ಕದಲಿಸಿ ಜೀವ ತುಂಬಿದ ಪ್ರಾಣಿಗಳ ಮಾದರಿಗಳನ್ನು ನಾನು ಬಹಳ ವರ್ಷಗಳಿಂದ ಸಂಗ್ರಹಿಸುತ್ತಿದ್ದೇನೆ. ಕ್ಯಾಮೆರಾ ಮುಂದೆ ನಿಂತ ಅಸಲಿ ಬೊಂಬೆಗಳು ನನ್ನಂಥವರಿಗೆ ದಕ್ಕುವುದಿಲ್ಲ. ಹ್ಯಾರಿಹೌಸನ್ನರೇ 1986ರಲ್ಲಿ ಕಟ್ಟಿದ ಪ್ರತಿಷ್ಠಾನ ಅವುಗಳನ್ನು ಕಾಪಾಡಿಕೊಂಡು ಬಂದಿದೆ. ಅಲ್ಲಿಯೂ ಎಲ್ಲವೂ ಮೊದಲಿನಂತೆ ಉಳಿದಿಲ್ಲ, ಏಕೆಂದರೆ ಮೈಗೆ ಬಳಸಿದ ಫೋಮ್ ಲೇಟೆಕ್ಸ್ ಎಂಬ ಸ್ಪಂಜಿನಂಥ ರಬ್ಬರು ಕಾಲ ಸರಿದಂತೆ ಒಣಗಿ, ಬಿರಿದು, ಪುಡಿಯಾಗುತ್ತದೆ. ಉಳಿಯುವುದು ಒಳಗಿನ ಲೋಹದ ಅಸ್ಥಿಪಂಜರ. ಅದರ ಕೀಲುಗಳನ್ನು ಲೇತ್‌ನಲ್ಲಿ ಕಡೆದು ಕೊಡುತ್ತಿದ್ದವರು ಹ್ಯಾರಿಹೌಸನ್ನರ ತಂದೆ ಫ್ರೆಡ್. ಅದನ್ನೂ ಸುಮ್ಮನೆ ಇಡುತ್ತಿರಲಿಲ್ಲ. 1957ರ ಚಿತ್ರದಲ್ಲಿ ಶುಕ್ರಗ್ರಹದಿಂದ ಬಂದ ಈಮರ್ ಎಂಬ ಪ್ರಾಣಿಯ ಪಂಜರವನ್ನು ಕಳಚಿ, ಮರುವರ್ಷದ ಸಿಂದಬಾದ್ ಚಿತ್ರದ ಒಂಟಿಗಣ್ಣ ಸೈಕ್ಲಾಪ್ಸ್‌ಗೆ ಬಳಸಿದರು.

ಹಾಗಾಗಿ ನಾನು ಕೊಳ್ಳುವುದು ವಿನೈಲ್ ಮತ್ತು ರೆಸಿನ್ ಮಾದರಿಗಳನ್ನು. ಜಪಾನಿನ ಎಕ್ಸ್‌-ಪ್ಲಸ್, ಹಾಂಗ್‌ಕಾಂಗ್‌ನ ಸ್ಟಾರ್ ಏಸ್ ಇಂಥವನ್ನು ತಯಾರಿಸಿವೆ. ಪ್ರಾಣಿಯ ಹೆಸರು ನೋಡಿ ನಾನು ಕೊಳ್ಳುವುದಿಲ್ಲ. ಈ ಭಂಗಿ ಸಿನಿಮಾದ ಯಾವ ಗಳಿಗೆಯದು ಎಂದು ಕೇಳಿಕೊಳ್ಳುತ್ತೇನೆ. ದೃಶ್ಯವನ್ನು ನಿಲ್ಲಿಸಿ ನಿಲ್ಲಿಸಿ ನೋಡಿ, ಕತ್ತಿನ ಬಾಗು, ಮೈಭಾರ ಬಿದ್ದಿರುವ ಕಾಲು, ಬೆರಳಿನ ಮಡಿಕೆ ಹೊಂದಿದರೆ ಮಾತ್ರ ಹಣ ಕೊಡುತ್ತೇನೆ. ಬಾಯಿ ತೆರೆದು ಘರ್ಜಿಸುವ ಈಮರ್ ಎಲ್ಲೆಡೆ ಸಿಗುತ್ತದೆ. ನನಗೆ ಬೇಕಾದದ್ದು ಮೊಟ್ಟೆಯಿಂದ ಆಗಷ್ಟೇ ಹೊರಬಂದು ದೀಪದ ಬೆಳಕಿಗೆ ಕಣ್ಣುಜ್ಜಿಕೊಳ್ಳುವ ಈಮರ್. ಆ ಒಂದು ಚಲನೆಯಲ್ಲೇ ಅದು ನಮ್ಮ ಕರುಣೆಯನ್ನು ಗೆದ್ದುಬಿಡುತ್ತದೆ.

1963ರ 'ಜೇಸನ್ ಅಂಡ್ ದಿ ಆರ್ಗೋನಾಟ್ಸ್' ಚಿತ್ರದ ಕಂಚಿನ ದೈತ್ಯ ಟೇಲೋಸ್ ನನ್ನ ಸಂಗ್ರಹದಲ್ಲಿ ಎಲ್ಲಕ್ಕಿಂತ ಪ್ರಿಯ. ಉಳಿದ ಪ್ರಾಣಿಗಳ ನಡೆ ನಯವಾಗಿರಲೆಂದು ಹೆಣಗುತ್ತಿದ್ದ ಹ್ಯಾರಿಹೌಸನ್, ಇವನನ್ನು ಬೇಕೆಂದೇ ಸೆಡೆದು ಸೆಡೆದು ನಡೆಸಿದರು. ಯಾವ ಟೇಲೋಸ್ ಸಿಕ್ಕರೂ ನಾನು ಮೊದಲು ತಿರುಗಿಸಿ ನೋಡುವುದು ಹಿಮ್ಮಡಿಯನ್ನು. ಚಿತ್ರದ ನಾಯಕ ಜೇಸನ್ ತಿರುಗಿಸಿ ತೆಗೆಯುವ ಆ ದುಂಡು ಮುಚ್ಚಳ ಅಲ್ಲಿರಬೇಕು. ಟೇಲೋಸ್‌ನ ಜೀವದ್ರವ ಹರಿದುಹೋಗುವುದು ಅಲ್ಲಿಂದಲೇ. ಮುಚ್ಚಳ ಇಲ್ಲದಿದ್ದರೆ, ಕಲಸಿಟ್ಟರೆ ಗಟ್ಟಿಯಾಗುವ ಎಪಾಕ್ಸಿ ಪುಟ್ಟಿಯನ್ನು ತೆಳ್ಳಗೆ ತಟ್ಟಿ, ದುಂಡಗೆ ಕತ್ತರಿಸಿ ನಾನೇ ಕೂರಿಸುತ್ತೇನೆ. ಬಣ್ಣ ಹಚ್ಚುವಾಗ ಮೊದಲು ಕಡುಕಂದು. ಅದು ಒಣಗಿದ ಮೇಲೆ, ಬಣ್ಣ ಬಹುತೇಕ ಒರೆಸಿ ತೆಗೆದ ಬ್ರಶ್ಶಿನಿಂದ ಕಿಲುಬಿನ ಹಸಿರನ್ನು ಉಬ್ಬುಗಳ ಮೇಲಷ್ಟೇ ಸವರುತ್ತೇನೆ. ಸಂದುಗಳಿಗೆ ನೀರಾಗಿಸಿದ ಹಸಿರು ಇನ್ನೊಂದು ಸಲ.

ಬಿಡಿಭಾಗಗಳಲ್ಲಿ ಬರುವ ವಿನೈಲ್ ಕಿಟ್ಟನ್ನು ಮೊದಲು ಪಾತ್ರೆ ಸೋಪಿನಲ್ಲಿ ತೊಳೆಯಬೇಕು, ಅಚ್ಚಿನ ಎಣ್ಣೆ ಉಳಿದರೆ ಬಣ್ಣ ಹಿಡಿಯುವುದಿಲ್ಲ. ಅಂಚಿನ ಹೆಚ್ಚುವರಿಯನ್ನು ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ ಬ್ಲೇಡಿನಲ್ಲಿ ಕೊಯ್ಯುತ್ತೇನೆ. ತಣ್ಣಗಿರುವಾಗ ಒತ್ತಿದರೆ ಬ್ಲೇಡು ಜಾರಿ ಕೈಗೇ ಬರುತ್ತದೆ. ಎನಾಮೆಲ್ ಬಣ್ಣ ಬೇಡ, ವಿನೈಲ್ ಮೇಲೆ ಅದು ಎಷ್ಟು ದಿನವಾದರೂ ಅಂಟಂಟಾಗಿಯೇ ಇರಬಹುದು, ಅಕ್ರಿಲಿಕ್ ಸರಿ. ನಿಂತ ಬೊಂಬೆ ಬೇಸಿಗೆಯಲ್ಲಿ ವಾಲಿದರೆ ಕಾಲನ್ನು ಬಿಸಿನೀರಿನಲ್ಲಿ ಮೆತ್ತಗಾಗಿಸಿ, ನೆಟ್ಟಗೆ ಮಾಡಿ, ಕೂಡಲೇ ತಣ್ಣೀರಿಗೆ ಅದ್ದಬೇಕು. ರೆಸಿನ್ ಉಜ್ಜುವಾಗ ನೀರು ಹಾಕಿಯೇ ಉಜ್ಜಬೇಕು, ಮಾಸ್ಕ್ ಕಡ್ಡಾಯ.

'ದಿ ಗೋಲ್ಡನ್ ವಾಯೇಜ್ ಆಫ್ ಸಿಂದಬಾದ್' ಚಿತ್ರದ ಆರು ಕೈಗಳ ಕಾಳಿಯನ್ನು ಕೊಳ್ಳಲು ನಾನು ತುಂಬಾ ಕಾದೆ. ಆ ವಿಗ್ರಹದ ನೃತ್ಯಕ್ಕೆ ಹ್ಯಾರಿಹೌಸನ್ ನೆರವು ಪಡೆದದ್ದು ನಮ್ಮ ತೆಲುಗು ನಾಡಿನ ಕಲಾವಿದೆ ಟಂಗುಟೂರಿ ಸೂರ್ಯಕುಮಾರಿ ಅವರಿಂದ. ಇದನ್ನು ತಿಳಿದು ನೋಡಿದರೆ ಬೆರಳುಗಳ ಮೇಲೆಯೇ ಕಣ್ಣು ನಿಲ್ಲುತ್ತದೆ. ಆರು ಕೈಗೂ ಕತ್ತಿ ಸಿಕ್ಕಿಸಿದ ಮಾದರಿಗಳೇ ಹೆಚ್ಚು ಮಾರಾಟವಾಗುತ್ತವೆ. ನನಗೆ ಕತ್ತಿ ಬರುವ ಮೊದಲಿನ, ನರ್ತಿಸುವ ಕಾಳಿಯೇ ಹೆಚ್ಚು ಇಷ್ಟ. ಕತ್ತಿಗಳನ್ನು ತೆಗೆದಿಡಬಹುದಾದ ಮಾದರಿ ಸಿಕ್ಕ ದಿನ ಚೌಕಾಸಿಯನ್ನೂ ಮಾಡಲಿಲ್ಲ.

ಜೇಸನ್ ಚಿತ್ರದ ಏಳು ಅಸ್ಥಿಪಂಜರಗಳ ಕಾಳಗಕ್ಕೆ ಹ್ಯಾರಿಹೌಸನ್ ನಾಲ್ಕೂವರೆ ತಿಂಗಳು ದುಡಿದರು. ಎಷ್ಟೋ ದಿನ 13 ಫ್ರೇಮು ಮುಗಿದರೆ ಹೆಚ್ಚು, ಅಂದರೆ ತೆರೆಯ ಮೇಲೆ ಅರ್ಧ ಸೆಕೆಂಡು. ಆ ಏಳನ್ನೂ ಗುರಾಣಿ ಸಮೇತ ಒಂದೇ ಸಾಲಿನಲ್ಲಿ ನಿಲ್ಲಿಸಿದ್ದೇನೆ, ಬಿಸಿಲು ಬೀಳದ ಗಾಜಿನ ಕಪಾಟಿನಲ್ಲಿ. ಈಗ ಅದೇ ಚಿತ್ರದ ಹೈಡ್ರಾ ಹುಡುಕುತ್ತಿದ್ದೇನೆ. ಏಳು ತಲೆಗಳೂ ಒಂದೇ ಕಡೆ ನೋಡುವ ಮಾದರಿ ನನಗೆ ಬೇಡ.