ಖಾಯಂ ಪೈಪು ಬಿಟ್ಟು ಸಿ.ಐ.ಸಿ.ಗೆ ಬಂದ ಬಗೆ: ನನ್ನ ಅನುಭವ

ಬೆನ್ನುಹುರಿಗೆ ಡಿ10 ಮಟ್ಟದಲ್ಲಿ (ಎದೆಭಾಗದ ಹತ್ತನೆಯ ಕಶೇರುಕದ ಹತ್ತಿರ) ಪೆಟ್ಟಾಗಿರುವ ನಾನು ಖಾಯಂ ಪೈಪು ಮತ್ತು ಚೀಲವನ್ನು ಬಿಟ್ಟು, ದಿನಕ್ಕೆ ಐದು ಬಾರಿ ಸ್ವತಃ ಕ್ಯಾಥೆಟರ್ (ಮೂತ್ರ ಹೊರತರುವ ತೆಳು ಪೈಪು) ಹಾಕಿ ಮೂತ್ರಕೋಶವನ್ನು ಖಾಲಿ ಮಾಡಿಕೊಳ್ಳಲು (ಇದಕ್ಕೇ ಸಿ.ಐ.ಸಿ., ಅಂದರೆ ಕ್ಲೀನ್ ಇಂಟರ್ಮಿಟೆಂಟ್ ಕ್ಯಾಥೆಟರೈಸೇಷನ್ ಎನ್ನುತ್ತಾರೆ) ಆರಂಭಿಸಿ ಸುಮಾರು ಆರು ವರ್ಷವಾಯಿತು. ಈ ಅವಧಿಯಲ್ಲಿ ನಡುಕದ ಜ್ವರ ಬಂದು ಆಸ್ಪತ್ರೆ ಸೇರಿದ್ದಿಲ್ಲ, ಎರಡೂ ಮೂತ್ರಪಿಂಡಗಳ ಸ್ಕ್ಯಾನಿಂಗ್ ವರದಿ ಚೆನ್ನಾಗಿದೆ, ಮೂತ್ರಪಿಂಡದ ಕೆಲಸವನ್ನು ತೋರಿಸುವ ರಕ್ತಪರೀಕ್ಷೆಯ ಕ್ರಿಯಾಟಿನಿನ್ 0.8ರ ಆಸುಪಾಸಿನಲ್ಲೇ ನಿಂತಿದೆ. ಹಳ್ಳಿಮನೆಯಲ್ಲಿ ಇದೆಲ್ಲ ಆಗುವ ಮಾತಲ್ಲ ಎಂದವರೇ ಈಗ ತಮ್ಮ ಪರಿಚಯದವರನ್ನು ನನ್ನ ಬಳಿಗೆ ಕಳಿಸುತ್ತಿರುವುದರಿಂದ, ಮಾಡಿದ್ದನ್ನು ಬರೆದಿಡುತ್ತಿದ್ದೇನೆ.

ಕೊನೆಕೊಯ್ಲಿನಲ್ಲಿ ಅಡಿಕೆ ಮರದಿಂದ ಬಿದ್ದವರ ಕಥೆ ಸಿರಸಿ ಸೀಮೆಗೆ ಹೊಸದಲ್ಲವಾದ್ದರಿಂದ ಅದನ್ನು ಬಿಡುತ್ತೇನೆ. ಪೆಟ್ಟಾದ ಮೊದಲ ವಾರಗಳಲ್ಲಿ ನಿಶ್ಚಲವಾಗಿದ್ದ ಮೂತ್ರಕೋಶವು ಆಮೇಲೆ ಕಾಲುಗಳ ಬಿಗಿತದ ಜೊತೆಜೊತೆಗೇ ತಾನಾಗಿ ಹಿಂಡತೊಡಗಿತು. ಮೂತ್ರಕೋಶ ಹಿಂಡುವ ಹೊತ್ತಿನಲ್ಲೇ ಅದರ ಬಾಯಿಯನ್ನು ಮುಚ್ಚುವ ಕೆಳಗಿನ ಸ್ನಾಯುವೂ ಬಿಗಿದುಕೊಳ್ಳುವುದು ನಮ್ಮಂಥವರ ಮುಖ್ಯ ತೊಂದರೆ. ಹೊರಗೆ ಹೋಗಬೇಕಾದ ಒತ್ತಡ ಮೇಲಕ್ಕೆ, ಮೂತ್ರಪಿಂಡದ ಕಡೆಗೆ ತಿರುಗುತ್ತದೆ.

ಫೋಲಿ ಎಂಬ ಆ ಖಾಯಂ ಪೈಪಿನ ಲೆಕ್ಕವನ್ನು ಮೊದಲು ಹೇಳಬೇಕು. ತಿಂಗಳಿಗೊಮ್ಮೆ ಬದಲಿಸಲು ಮನೆಗೆ ಬರುವ ಕಂಪೌಂಡರರಿಗೆ ಮುನ್ನೂರು ನಾಲ್ಕುನೂರು, ಪೈಪು ಮತ್ತು ಚೀಲಕ್ಕೆ ಇನ್ನೊಂದು ಇನ್ನೂರೈವತ್ತು. ಅದು ದೊಡ್ಡ ಮೊತ್ತವಲ್ಲ. ಆದರೆ ಎರಡು ಮೂರು ತಿಂಗಳಿಗೊಮ್ಮೆ ಪೈಪು ಕಟ್ಟಿಕೊಂಡು ಜ್ವರ ಏರಿದಾಗ ಕಲ್ಚರ್ ಪರೀಕ್ಷೆ (ಮೂತ್ರದಲ್ಲಿ ಯಾವ ಬ್ಯಾಕ್ಟೀರಿಯಾ ಇದೆ ಎಂದು ನೋಡುವುದು), ಇಂಜೆಕ್ಷನ್ ಕೋರ್ಸು, ಬಾಡಿಗೆ ಕಾರು ಎಲ್ಲ ಸೇರಿ ಪ್ರತಿಸಲವೂ ಏಳೆಂಟು ಸಾವಿರ ಖರ್ಚಾಗುತ್ತಿತ್ತು. ಎರಡನೆಯ ವರ್ಷ ಮೂತ್ರಕೋಶದಲ್ಲಿ ಕಲ್ಲು ಕಟ್ಟಿತು. ಅದನ್ನು ತೆಗೆಸಲು ನಲವತ್ತೈದು ಸಾವಿರದ ಹತ್ತಿರ ಹೋಯಿತು. ಆ ವರ್ಷದ ಚಾಲಿ ಅಡಿಕೆ ಮಾರಿದ ಹಣದಲ್ಲಿ ಸೊಸೈಟಿ ಸಾಲದ ಕಂತಿಗೆ ಏನೂ ಉಳಿಯಲಿಲ್ಲ.

ನಡುವೆ ಕಾಂಡೋಮ್ ಕ್ಯಾಥೆಟರ್ (ಹೊರಗಿನಿಂದಲೇ ತೊಡಿಸುವ, ಚೀಲಕ್ಕೆ ಜೋಡಿಸಿದ ಕವಚ) ಹಾಕಿ ನೋಡಿದೆವು. ಮಳೆಗಾಲದ ತೇವದಲ್ಲಿ ಚರ್ಮ ಸುಲಿದು ಹುಣ್ಣಾಯಿತು, ಒಳಗೆ ಉಳಿಯುವ ಮೂತ್ರವಂತೂ ಕಡಿಮೆಯಾಗಲಿಲ್ಲ. ಆಮೇಲೆ ಕಿಬ್ಬೊಟ್ಟೆಯನ್ನು ಒತ್ತಿ ಖಾಲಿ ಮಾಡುವ ಕ್ರಮ. ನೋಡುವವರಿಗೆ ಅದು ಯಶಸ್ವಿಯಾದಂತೆಯೇ ಕಾಣುತ್ತಿತ್ತು, ಬಟ್ಟೆ ಒಣಗಿರುತ್ತಿತ್ತು. ಆದರೆ ಏಳೆಂಟು ತಿಂಗಳ ನಂತರದ ಸ್ಕ್ಯಾನಿಂಗ್‌ನಲ್ಲಿ ಎಡ ಮೂತ್ರಪಿಂಡ ಊದಿಕೊಂಡಿರುವುದು ತಿಳಿಯಿತು. ಬಿಗಿದ ಬಾಯಿಯ ಎದುರು ಮೇಲಿನಿಂದ ಒತ್ತಿದರೆ ಹಾಗಲ್ಲದೆ ಬೇರೇನೂ ಆಗುವುದಿಲ್ಲ ಎಂಬುದನ್ನು ಯಾರಾದರೂ ಒತ್ತುವ ಸಲಹೆ ಕೊಟ್ಟಾಗ ದಯವಿಟ್ಟು ನೆನಪಿಡಿ.

ಸಿ.ಐ.ಸಿ.ಯನ್ನು ಪುನರ್ವಸತಿ ವಾರ್ಡಿನಲ್ಲಿ ಕಲಿತು ಮನೆಗೆ ಬಂದಾಗ ಯಾರಿಗೂ ನಂಬಿಕೆ ಇರಲಿಲ್ಲ. "ಆಸ್ಪತ್ರೇಲಿ ಗ್ಲೌಸ್ ಹಾಕ್ಕೊಂಡು ಮಾಡೋ ಕೆಲ್ಸ, ನೀನು ಕೊಟ್ಟಿಗೆ ಪಕ್ಕದ ಕೋಣೇಲಿ ಬರಿಗೈಲಿ ಮಾಡ್ತ್ಯಾ?" ಎಂದು ಅಣ್ಣ ಕೇಳಿದ. ಅವನ ಅನುಮಾನ ವೈದ್ಯಲೋಕಕ್ಕೂ ಹಿಂದೆ ಇದ್ದದ್ದೇ. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ 1944ರಲ್ಲಿ ಬೆನ್ನುಹುರಿ ಘಟಕ ಆರಂಭಿಸಿದ ಡಾ. ಲುಡ್ವಿಗ್ ಗುಟ್‌ಮನ್ ಅವರ ಪದ್ಧತಿಯಲ್ಲಿ ಕ್ಯಾಥೆಟರ್ ಹಾಕುವ ಪ್ರತಿ ಹಂತವೂ ಕ್ರಿಮಿರಹಿತವಾಗಿರಬೇಕಿತ್ತು. ಸೋಪಿನಿಂದ ತೊಳೆದ ಕೈ, ಶುಚಿಯಾದ ಪೈಪು ಸಾಕು, ಹೊತ್ತಿಗೆ ಸರಿಯಾಗಿ ಖಾಲಿಯಾಗುವುದೇ ಮುಖ್ಯ ಎಂದು 1972ರಲ್ಲಿ ಮಂಡಿಸಿದವರು ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಡಾ. ಜ್ಯಾಕ್ ಲ್ಯಾಪಿಡೀಸ್. ಮೂತ್ರಕೋಶ ಅತಿಯಾಗಿ ಹಿಗ್ಗಿದಾಗ ಅದರ ಗೋಡೆಗೆ ರಕ್ತ ಸರಿಯಾಗಿ ಹರಿಯದೆ ಸೋಂಕು ನೆಲೆಯೂರುತ್ತದೆ ಎಂಬ ಅವರ ವಾದ ನನ್ನ ಮಟ್ಟಿಗೆ ಅಕ್ಷರಶಃ ನಿಜವಾಗಿದೆ.

ಕ್ರಮ ಇಷ್ಟು. 14ನೇ ನಂಬರಿನ ನೆಲಾಟನ್ ಪೈಪು (ಒಳಗೆ ಉಳಿಸದ ಸಾದಾ ಕ್ಯಾಥೆಟರ್), ಜೆಲ್ಲಿ, ಸೋಪು, ಗೆರೆ ಹಾಕಿದ ಜಗ್ಗು, ಒಂದು ನೋಟ್‌ಬುಕ್. ಬೆಳಿಗ್ಗೆ ಐದೂವರೆ, ಹತ್ತು, ಮಧ್ಯಾಹ್ನ ಎರಡೂವರೆ, ಸಂಜೆ ಆರೂವರೆ, ರಾತ್ರಿ ಹತ್ತೂವರೆ. ಪ್ರತಿಸಲವೂ ಬಂದ ಪ್ರಮಾಣವನ್ನು ಬರೆಯುತ್ತೇನೆ, 400 ಮಿ.ಲೀ. ದಾಟಿದರೆ ಮುಂದಿನ ಸರದಿಯನ್ನು ಒಂದು ಗಂಟೆ ಮೊದಲೇ ಮಾಡುತ್ತೇನೆ, 500 ದಾಟಲು ಬಿಡುವುದೇ ಇಲ್ಲ. ಮೂತ್ರ ನಿಂತ ಕೂಡಲೇ ಪೈಪನ್ನು ಎಳೆಯದೆ, ಒಂದೊಂದು ಬೆರಳಿನಷ್ಟೇ ಹಿಂದಕ್ಕೆ ಸರಿಸುತ್ತ ಬಂದರೆ ತಳದಲ್ಲಿ ನಿಂತ ಮೂವತ್ತು ನಲವತ್ತು ಮಿ.ಲೀ. ಕೂಡ ಬರುತ್ತದೆ, ಸೋಂಕು ಹುಟ್ಟುವುದು ಆ ಉಳಿಕೆಯಲ್ಲೇ. ಬಿಗಿತ ಹೆಚ್ಚಿದ್ದಾಗ ಪೈಪು ಒಳಬಾಯಲ್ಲಿ ತಡೆದರೆ ಬಲ ಹಾಕದೆ ದಾಟಿಸಲು ನಾನು ಕಂಡುಕೊಂಡಿರುವ ಒಂದು ಕೈಹಿಡಿತವಿದೆ. ಓದಿ ಮಾಡಲು ಹೋಗಿ ಯಾರಾದರೂ ಗಾಯ ಮಾಡಿಕೊಳ್ಳಬಾರದೆಂದು ಇಲ್ಲಿ ಬರೆಯುವುದಿಲ್ಲ, ಎದುರು ಬಂದವರಿಗೆ ತೋರಿಸುತ್ತೇನೆ.

ಪೊಟ್ಟಣದ ಮೇಲೆ ಒಂದೇ ಬಾರಿ ಬಳಸಬೇಕೆಂದು ಬರೆದಿರುತ್ತದೆ. ಹಾಗೆ ಮಾಡಿದರೆ ಪೈಪಿಗೆ ಮೂವತ್ತೈದರಂತೆ ತಿಂಗಳಿಗೆ ಐದು ಸಾವಿರ ಮೀರುತ್ತದೆ. ನಾನು ವೈದ್ಯರನ್ನು ಕೇಳಿಯೇ ಒಂದನ್ನು ಸುಮಾರು ವಾರ ಬಳಸುತ್ತೇನೆ: ತೆಗೆದ ತಕ್ಷಣ ಒಳಗೂ ಹೊರಗೂ ಸೋಪಿನ ನೀರು ಹಾಯಿಸಿ, ಕುದಿಸಿ ಆರಿಸಿದ ನೀರಿನಲ್ಲಿ ತೊಳೆದು, ನೇತುಹಾಕಿ ಪೂರ್ತಿ ಒಣಗಿಸಿ, ಮುಚ್ಚಳದ ಡಬ್ಬಿಯಲ್ಲಿ ಇಡುವುದು. ಮಳೆಗಾಲದಲ್ಲಿ ಒಣಗುವುದೇ ಕಷ್ಟವಾದ್ದರಿಂದ ಎರಡು ಮೂರು ಪೈಪುಗಳನ್ನು ಸರದಿಯಲ್ಲಿ ಬಳಸುತ್ತೇನೆ. ಪೈಪು, ಜೆಲ್ಲಿ, ಹಿಂಡುವಿಕೆ ತಗ್ಗಿಸುವ ಟಾಲ್ಟೆರೋಡಿನ್ ಮಾತ್ರೆ ಎಲ್ಲ ಸೇರಿ ತಿಂಗಳಿಗೆ ಒಂಬೈನೂರರಿಂದ ಸಾವಿರ.

ಮೊದಲ ವರ್ಷ ಮನೆಯವರನ್ನು ಹೆಚ್ಚು ಹೆದರಿಸಿದ್ದು ಕಲ್ಚರ್ ವರದಿ. ಸಿ.ಐ.ಸಿ. ಮಾಡುವವರ ಮೂತ್ರದಲ್ಲಿ ಬ್ಯಾಕ್ಟೀರಿಯಾ ಕಾಣುವುದು ಸಾಮಾನ್ಯ. ಜ್ವರ, ನಡುಕ, ಹೊಸದಾಗಿ ಸೋರಿಕೆ ಅಥವಾ ಕಾಲಿನ ಬಿಗಿತದಲ್ಲಿ ಏರಿಕೆ ಇಲ್ಲದಿದ್ದರೆ ಬರಿಯ ವರದಿ ನೋಡಿ ಆ್ಯಂಟಿಬಯೋಟಿಕ್ ನುಂಗುವುದು ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾವನ್ನು ನಾವೇ ಸಾಕಿದಂತೆ. ಈ ಮಾತನ್ನು ಹಿಡಿದು ನಿಂತದ್ದೇ ನನ್ನ ದೊಡ್ಡ ಉಳಿತಾಯ. ಜ್ವರ ಬಂದ ದಿನ ಮಾತ್ರ ಕಾಯಬಾರದು.

ರಾತ್ರಿಯ ಪ್ರಮಾಣ ಬಹಳ ಕಾಲ ಕಾಡಿತು. ಸಂಜೆ ಏಳರ ನಂತರ ನೀರು ಬಿಟ್ಟರೂ ಬೆಳಗಿನ ಸರದಿಯಲ್ಲಿ 650ರ ಹತ್ತಿರ ಬರುತ್ತಿತ್ತು. ಗಾಲಿಕುರ್ಚಿಯಲ್ಲಿ ಕೂತಾಗ ಕಾಲಿಗೆ ಇಳಿದ ನೀರು ಮಲಗಿದ ಮೇಲೆ ರಕ್ತಕ್ಕೆ ಮರಳುತ್ತದೆ ಎಂದು ಊಹಿಸಿ, ಮಧ್ಯಾಹ್ನ ಮೂರರಿಂದ ಒಂದೂವರೆ ಗಂಟೆ ಕಾಲುಗಳನ್ನು ದಿಂಬಿನ ಮೇಲೆತ್ತಿ ಮಲಗತೊಡಗಿದೆ. ಸಂಜೆಯ ಪ್ರಮಾಣ ಏರಿತು, ಬೆಳಗಿನದು 400ಕ್ಕೆ ಇಳಿಯಿತು. ಇದನ್ನು ಯಾರೂ ಹೇಳಿಕೊಟ್ಟದ್ದಲ್ಲ, ನೋಟ್‌ಬುಕ್ ನೋಡಿ ನಾನೇ ಹಿಡಿದದ್ದು. ಬಾಳೆದಿಂಡಿನ ರಸವನ್ನೂ ಬಾರ್ಲಿ ನೀರನ್ನೂ ತಿಂಗಳುಗಟ್ಟಲೆ ಕುಡಿದು ಬರೆದಿಟ್ಟೆ. ಅಷ್ಟೇ ನೀರು ಕುಡಿದ ದಿನಗಳಿಗಿಂತ ಭಿನ್ನವಾದದ್ದೇನೂ ಕಾಣಲಿಲ್ಲ. ಟಾಲ್ಟೆರೋಡಿನ್‌ನಿಂದ ಮಲಬದ್ಧತೆ ಹೆಚ್ಚಿದಾಗ ತುಂಬಿದ ಕರುಳು ಮೂತ್ರಕೋಶವನ್ನು ಒತ್ತಿ ಸೋರಿಸುತ್ತಿತ್ತು, ಬೆಳಗಿನ ಮಲವಿಸರ್ಜನೆಯ ಹೊತ್ತನ್ನು ಕಟ್ಟುನಿಟ್ಟು ಮಾಡಿದ ಮೇಲೆ ಅದು ನಿಂತಿತು.

ಡಿ6ರ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರು ನನ್ನ ವೇಳಾಪಟ್ಟಿಯನ್ನು ಹಾಗೆಯೇ ಎತ್ತಿಕೊಳ್ಳಬಾರದು. ಅವರಿಗೆ ಮೂತ್ರಕೋಶ ತುಂಬಿದರೆ ರಕ್ತದೊತ್ತಡ ಏಕಾಏಕಿ ಏರಿ, ತಲೆ ಸಿಡಿಯುವಂತಾಗಿ, ಮುಖ ಬೆವರುತ್ತದೆ. ಕೂಡಲೇ ಎಬ್ಬಿಸಿ ಕೂರಿಸಿ, ಬಿಗಿಯಾದ ಬಟ್ಟೆ ಸಡಿಲಿಸಿ, ಮೂತ್ರ ಖಾಲಿ ಮಾಡಬೇಕು, ಇಳಿಯದಿದ್ದರೆ ಆಸ್ಪತ್ರೆಗೆ ಒಯ್ಯಬೇಕು. ಕುತ್ತಿಗೆಯ ಪೆಟ್ಟಿನಿಂದ ಬೆರಳಾಡದ ಒಬ್ಬ ಹುಡುಗನ ತಾಯಿಗೆ ಈಗ ಕಲಿಸುತ್ತಿದ್ದೇನೆ. ಅವರ ನೋಟ್‌ಬುಕ್ಕಿನಲ್ಲಿ ಮೂರು ವಾರಗಳಿಂದ 400 ದಾಟಿಲ್ಲ, ಮುಂದಿನ ತಿಂಗಳು ಸ್ಕ್ಯಾನಿಂಗ್ ಇದೆ.