ಅಗ್ಗದ ಲೇಸರ್ ಕಟ್ಟರ್ ಕೊಳ್ಳುವುದು ಹೇಗೆ: ವ್ಯಾಟ್ ಆಮೇಲೆ, ವಾರಂಟಿ ಮೊದಲು

ಕೀಚೈನು, ನೇಮ್‌ಪ್ಲೇಟು, ಸನ್ಮಾನದ ಸ್ಮರಣಿಕೆ, ಮದುವೆ ಹಾಲ್‌ನ ಬಾಗಿಲಿಗೆ ಹೆಸರಿನ ಬೋರ್ಡು. ಮಂಗಳೂರು, ಉಡುಪಿಯಲ್ಲಿ ಒಂದು ಸಣ್ಣ ಲೇಸರ್ ಮೆಷಿನ್‌ಗೆ ಕೆಲಸಕ್ಕೇನೂ ಬರವಿಲ್ಲ. ಆದರೆ ಕೊಳ್ಳಲು ಹೊರಟವರು ಕೇಳುವುದು ಎರಡೇ ಪ್ರಶ್ನೆ: ಎಷ್ಟು ವ್ಯಾಟ್, ಎಷ್ಟು ರೂಪಾಯಿ? ಒಂದು ಮಳೆಗಾಲ ಕಳೆಯುವುದರೊಳಗೆ ಲೇಸರ್ ಬೆಳಕು ಹುಟ್ಟಿಸುವ ಗಾಜಿನ ಟ್ಯೂಬ್ ಹೋಗುತ್ತದೆ, ಮಾರಿದವರು ಫೋನ್ ಎತ್ತುವುದಿಲ್ಲ, ಮೆಷಿನ್ ಮೂಲೆ ಸೇರುತ್ತದೆ. ಹೀಗೆ ಮೂಲೆ ಸೇರಿದ ಮೆಷಿನ್‌ಗಳನ್ನು ಈ ಕಡೆ ಬೇಕಾದಷ್ಟು ನೋಡಿದ್ದೇನೆ.

ಮೊದಲು, ಏನು ಕತ್ತರಿಸಬೇಕು ಎಂದು ನಿರ್ಧರಿಸಿ. ತೆಳು ಪ್ಲೈವುಡ್, ರಟ್ಟು, ಚರ್ಮ ಸಾಕು ಎನ್ನುವವರಿಗೆ ಸಣ್ಣ ಚಿಪ್‌ನಿಂದ ಬೆಳಕು ಬರುವ ಡಯೋಡ್ ಲೇಸರ್ ಸಾಕು. ಪಾರದರ್ಶಕ ಅಕ್ರಿಲಿಕ್ ಬೇಕಾದರೆ ಗಾಜಿನ ಟ್ಯೂಬಿನೊಳಗಿನ ಗ್ಯಾಸಿನಿಂದ ಬೆಳಕು ಬರುವ ಸಿಒ2 ಲೇಸರ್ ಆಗಲೇಬೇಕು, ಡಯೋಡಿನ ನೀಲಿ ಬೆಳಕು ಅದರೊಳಗಿಂದ ಸುಮ್ನೆ ದಾಟಿ ಹೋಗುತ್ತದೆ. ಸ್ಟೀಲ್ ಶೀಟು ಈ ಬೆಲೆಯ ಮೆಷಿನ್‌ಗಳಲ್ಲಿ ಆಗುವ ಕೆಲಸವಲ್ಲ. ಇನ್ನು ಸನ್‌ಬೋರ್ಡು, ರೆಕ್ಸಿನ್ ಥರದ ಪಿವಿಸಿ ಸಾಮಾನು ಯಾವ ಲೇಸರ್‌ಗೂ ಹಾಕಬೇಡಿ. ಅದು ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಬರುತ್ತದೆ. ನಿಮ್ಮ ಶ್ವಾಸಕೋಶವೂ ಹಾಳು, ಮೆಷಿನ್‌ನ ಕಬ್ಬಿಣವೂ ಹಾಳು.

ವ್ಯಾಟ್ ಬಗ್ಗೆ ಒಂದೇ ಮಾತು. ಡಯೋಡ್ ಮೆಷಿನ್‌ನ ಡಬ್ಬದ ಮೇಲೆ ದೊಡ್ಡದಾಗಿ 40 ವ್ಯಾಟ್ ಎಂದಿದ್ದರೆ ಅದು ಎಷ್ಟೋ ಸಲ ಎಳೆಯುವ ಕರೆಂಟಿನ ಲೆಕ್ಕ. ಹೊರಗೆ ಬರುವ ಬೆಳಕು 5 ವ್ಯಾಟ್ ಇದ್ದರೆ ಜಾಸ್ತಿ. "ಆಪ್ಟಿಕಲ್ ಪವರ್ ಎಷ್ಟು?" ಎಂದೇ ಕೇಳಿ, ಉತ್ತರ ಬಾರದಿದ್ದರೆ ಎದ್ದು ಬನ್ನಿ.

ಈಗ ವಾರಂಟಿ. ಎಲ್ಲರೂ ಎಡವುವುದು ಇಲ್ಲೇ. "ಒಂದು ವರ್ಷ ವಾರಂಟಿ" ಎಂದ ಕೂಡಲೇ ತಲೆ ಆಡಿಸಬೇಡಿ ಮಾರಾಯ್ರೆ. ಸಿಒ2 ಮೆಷಿನ್ ಆದರೆ ಟ್ಯೂಬಿಗೆ ಎಷ್ಟು, ಪವರ್ ಸಪ್ಲೈಗೆ ಎಷ್ಟು, ಕಂಟ್ರೋಲ್ ಬೋರ್ಡಿಗೆ ಎಷ್ಟು ಎಂದು ಬೇರೆ ಬೇರೆ ಕೇಳಿ ಬರೆಸಿಕೊಳ್ಳಿ. ವರ್ಷದ ವಾರಂಟಿ ಎಂದದ್ದು ಬರೀ ಮೆಷಿನ್‌ನ ಹೊರಕವಚಕ್ಕೆ ಮತ್ತು ಮೋಟಾರಿಗೆ ಆಗಿದ್ದು, ಟ್ಯೂಬಿಗೆ ಮೂರೋ ಆರೋ ತಿಂಗಳು ಮಾತ್ರ ಇರುವುದು ಮಾಮೂಲಿ. ಕೆಲವರು ಟ್ಯೂಬನ್ನು ಸವೆಯುವ ಸಾಮಾನು ಎಂದು ವಾರಂಟಿಯಿಂದಲೇ ಹೊರಗಿಡುತ್ತಾರೆ. ಟ್ಯೂಬ್ ತಯಾರಾದ ತಾರೀಕನ್ನೂ ನೋಡಿ, ಯಾಕೆಂದರೆ ಗಾಜಿನ ಟ್ಯೂಬ್ ಗೋದಾಮಿನಲ್ಲಿ ಸುಮ್ಮನೆ ಕೂತರೂ ಒಳಗಿನ ಗ್ಯಾಸ್ ನಿಧಾನವಾಗಿ ಕೆಡುತ್ತದೆ.

ಆಮೇಲೆ ಕೇಳಬೇಕಾದ್ದು, ಕೆಟ್ಟರೆ ಯಾರು ಎಲ್ಲಿಗೆ ಹೋಗಬೇಕು? "ನಮ್ಮ ಸರ್ವೀಸ್ ಸೆಂಟರಿಗೆ ಕಳಿಸಿ" ಎನ್ನುವ ವಾರಂಟಿ ನಮಗೆ ಅರ್ಧ ವಾರಂಟಿ. ಗಾಜಿನ ಟ್ಯೂಬ್ ಇರುವ ಮೆಷಿನ್ ಶಿರಾಡಿ ಘಾಟಿ ಹತ್ತಿ ಬೆಂಗಳೂರಿಗೆ ಹೋಗಿ ಮತ್ತೆ ಇಳಿದು ಬರಬೇಕು, ಲಾರಿ ಬಾಡಿಗೆ ನಿಮ್ಮದು, ದಾರಿಯಲ್ಲಿ ಒಡೆದರೆ ಯಾರದ್ದೂ ಅಲ್ಲ. ಬಿಡಿಭಾಗ ಪಾರ್ಸೆಲ್ ಮಾಡಿ, ವಿಡಿಯೋ ಕಾಲ್‌ನಲ್ಲಿ ಹೇಳಿಕೊಟ್ಟು ಹಾಕಿಸುವವರೇ ಒಳ್ಳೆಯದು. ಎರಡು ವರ್ಷ ವಾರಂಟಿ ಕೊಟ್ಟು ಸ್ಟಾಕ್ ಇಡದವರಿಗಿಂತ, ಆರೇ ತಿಂಗಳು ಕೊಟ್ಟು ಟ್ಯೂಬನ್ನು ರಾಜ್ಯದೊಳಗೇ ಇಟ್ಟುಕೊಂಡವರಿಂದ ಕೊಳ್ಳಿ. ನೇರ ಚೀನಾದಿಂದ ತರಿಸುವ ಶಾರ್ಟ್‌ಕಟ್ ಅಗ್ಗವೇ, ಆದರೆ ವಾರಂಟಿಯಲ್ಲಿ ಬಂದ ಭಾಗಕ್ಕೂ ಕಸ್ಟಮ್ಸ್ ಸುಂಕ ಕೊಡಬೇಕಾಗಿ ಬರಬಹುದು.

ದುಡ್ಡು ಕೊಡುವ ಮೊದಲು ಒಂದು ಪರೀಕ್ಷೆ. ಸೇಲ್ಸ್‌ನವರ ನಂಬರ್ ಬಿಟ್ಟು ಸರ್ವೀಸ್ ನಂಬರಿಗೆ ಕೆಲಸದ ದಿನ ಫೋನ್ ಮಾಡಿ, "40 ವ್ಯಾಟ್ ಟ್ಯೂಬನ್ನು ಎಷ್ಟು ಮಿಲಿಆಂಪ್‌ನಲ್ಲಿ ಓಡಿಸಬೇಕು?" ಎಂದು ಕೇಳಿ. ಕೆಲಸ ಗೊತ್ತಿದ್ದವರು ಹದಿನೈದು, ಹೆಚ್ಚೆಂದರೆ ಹದಿನೆಂಟು ದಾಟಬೇಡಿ ಎನ್ನುತ್ತಾರೆ. "ಫುಲ್ ಪವರ್ ಇಡಿ, ಏನೂ ಆಗಲ್ಲ" ಎಂದರೆ ಬೇಡ. ಇದಕ್ಕೇ ನಾನು ಟ್ಯೂಬಿನ ಕರೆಂಟನ್ನು ಮಿಲಿಆಂಪ್‌ನಲ್ಲಿ ತೋರಿಸುವ ಮುಳ್ಳಿನ ಮೀಟರ್ ಇರುವ ಮೆಷಿನನ್ನೇ ತೆಗೆದುಕೊಳ್ಳಿ ಎನ್ನುವುದು. ಪರ್ಸೆಂಟ್ ಮಾತ್ರ ತೋರಿಸುವ ಚಂದದ ಡಿಜಿಟಲ್ ಪ್ಯಾನೆಲ್ ಟ್ಯೂಬ್ ಎಷ್ಟು ಎಳೆಯುತ್ತಿದೆ ಎಂದು ಹೇಳುವುದೇ ಇಲ್ಲ.

ವಾರಂಟಿ ಪತ್ರದ ಕೊನೆಯ ಸಣ್ಣ ಅಕ್ಷರಗಳು ನಮ್ಮ ಕರಾವಳಿಗೇ ಬರೆದ ಹಾಗಿರುತ್ತವೆ: ತೇವದಿಂದಾದ ಹಾನಿ, ಅರ್ತಿಂಗ್ ಇಲ್ಲದೆ ಆದ ಹಾನಿ ಸೇರುವುದಿಲ್ಲ. ಮಳೆಗಾಲದಲ್ಲಿ ಇಲ್ಲಿನ ಗಾಳಿಯಲ್ಲಿ ಎಷ್ಟು ನೀರಿರುತ್ತದೆ ಎಂದರೆ, ಟ್ಯೂಬಿಗೆ ತಣ್ಣೀರು ಹರಿಸುವ ಚಿಲ್ಲರನ್ನು 18 ಡಿಗ್ರಿಗೆ ಇಟ್ಟರೆ ಟ್ಯೂಬಿನ ಹೊರಮೈ ಐಸ್‌ಕ್ರೀಮ್ ಲೋಟದ ಹಾಗೆ ಬೆವರುತ್ತದೆ. ಅಲ್ಲಿ ಓಡುವುದು ಸಾವಿರಾರು ವೋಲ್ಟ್. ಆ ತೇವದ ಮೇಲೆ ಕಿಡಿ ಹಾರಿದರೆ ಟ್ಯೂಬೂ ಪವರ್ ಸಪ್ಲೈಯೂ ಒಟ್ಟಿಗೇ ಹೋಗುತ್ತವೆ. ಬೇರೆ ಊರಿನವರ ವಿಡಿಯೋ ನೋಡಿ 18 ಇಡಬೇಡಿ. ಇಲ್ಲಿ ಮಳೆಗಾಲದಲ್ಲಿ 26ರ ಆಸುಪಾಸು ಇರಲಿ, ನೀರು ಡಿಸ್ಟಿಲ್ಡ್ ಆಗಿರಲಿ. ಅರ್ತಿಂಗನ್ನು ಎಲೆಕ್ಟ್ರಿಷಿಯನ್ ಕೈಯಲ್ಲಿ ಅಳೆಸಿ. ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದರೆ ಅರ್ತ್ ಸರಿಯಾಗಿ ಹಿಡಿಯುವುದಿಲ್ಲ, ಗುಂಡಿಗೆ ನೀರು ಹಾಕುತ್ತಿರಬೇಕು.

ಬಿಲ್ಲು ಜಿಎಸ್‌ಟಿ ನಂಬರಿನದ್ದೇ ಆಗಲಿ, ಮೆಷಿನ್‌ನ ಸೀರಿಯಲ್ ನಂಬರ್ ಅದರಲ್ಲಿರಲಿ. ಜಗಳ ಬಂದರೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ನೀವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಸಹಾಯವಾಣಿ 1915. ಆದರೆ ವ್ಯಾಪಾರಕ್ಕೆಂದು ಕೊಂಡವರಿಗೆ ಈ ದಾರಿ ಇಲ್ಲ. ಸ್ವಂತ ದುಡಿದು ಹೊಟ್ಟೆಪಾಡು ನಡೆಸುವವರಿಗೆ ಮಾತ್ರ ವಿನಾಯಿತಿ ಉಂಟು.

ಮೆಷಿನ್ ಬಂದ ದಿನ ಪೆಟ್ಟಿಗೆ ಬಿಚ್ಚುವುದನ್ನು ಪೂರ್ತಿ ವಿಡಿಯೋ ಮಾಡಿ. ಲೇಸರ್ ಹೊಡೆಯುವ ಮೊದಲು ಬರೀ ನೀರು ಓಡಿಸಿ, ಟ್ಯೂಬ್ ಎಲ್ಲಾದರೂ ಸೋರುತ್ತದಾ ನೋಡಿ. ಎಕ್ಸಾಸ್ಟ್ ಪೈಪು ಹೊರಗೆ, ಬೆಂಕಿ ನಂದಿಸುವ ಸಿಲಿಂಡರ್ ಕೈಗೆ ಸಿಗುವಲ್ಲಿ, ಮೆಷಿನ್ ಓಡುವಾಗ ನೀವು ಅಲ್ಲೇ. ವಾರಂಟಿ ಇರುವಾಗಲೇ ಚೆನ್ನಾಗಿ ದುಡಿಸಿ, ಕೆಡುವುದಿದ್ದರೆ ಆಗಲೇ ಕೆಡಲಿ. ಪೆಟ್ಟಿಗೆ, ಥರ್ಮಾಕೋಲು ಬಿಸಾಡಬೇಡಿ, ಒರಿಜಿನಲ್ ಪ್ಯಾಕಿಂಗ್ ಇಲ್ಲದಿದ್ದರೆ ಎಷ್ಟೋ ಮಂದಿ ಮೆಷಿನ್ ವಾಪಸ್ ಮುಟ್ಟುವುದಿಲ್ಲ. ಅಟ್ಟದಲ್ಲಿ ಗೆದ್ದಲು ಬಾರದ ಕಡೆ ಇಡಿ.